ಹಂಚಿಕೊಂಡ ಮಾದರಿ ಕಡತಕ್ಕೆ ಬೀಗ ಹೇಗೆ?

ರಾಯಚೂರು: ನಗರದಲ್ಲಾಗಲಿ, ದೇವದುರ್ಗ, ಮಾನ್ವಿಯಲ್ಲಾಗಲಿ ಡಿಟಿಪಿ ಕೇಂದ್ರಗಳು ಅಫಿಡವಿಟ್, ಬಾಡಿಗೆ ಕರಾರುಗಳನ್ನು ಪ್ರತಿ ಬಾರಿಯೂ ಹೊಸದಾಗಿ ಬೆರಳಚ್ಚು ಮಾಡುವುದಿಲ್ಲ. ಮಾದರಿ ಕಡತವೊಂದನ್ನು ತೆರೆದು ಹೆಸರು, ಗ್ರಾಮ, ಸರ್ವೆ ನಂಬರ್ ಬದಲಿಸಿ ಮುದ್ರಿಸುವುದು ವಾಡಿಕೆ. ಎರಡು ಮೂರು ಗಣಕಯಂತ್ರಗಳು ಒಂದೇ ಕಡತವನ್ನು ಹಂಚಿಕೊಂಡಲ್ಲಿ ಅಪಾಯ ಹೆಚ್ಚು. ರೂಢಿಬಲದಿಂದ ಯಾರಾದರೂ 'ಸೇವ್' ಒತ್ತಿದರೆ ಮಾದರಿ ಅಳಿದು, ಆ ಗಿರಾಕಿಯ ವಿವರವೇ ಉಳಿಯುತ್ತದೆ. ಮುಂದಿನವರ ಅಫಿಡವಿಟ್‌ನಲ್ಲಿ ಬೇರೊಬ್ಬರ ತಂದೆಯ ಹೆಸರು ನುಸುಳಿದರೆ ಛಾಪಾ ಕಾಗದ, ನೋಟರಿ ಶುಲ್ಕ, ದಿನದ ಕೂಲಿ ಮೂರೂ ನಷ್ಟ.

ಹಳೆಯ ಪೆನ್‌ಡ್ರೈವ್‌ನಿಂದ ಮಾದರಿಯನ್ನು ಮರಳಿ ತಂದರೂ ತೊಡಕು ತಪ್ಪದು. ಮಾನ್ವಿಯಿಂದ ಬೇರ್ಪಟ್ಟ ಸಿರವಾರ ತಾಲ್ಲೂಕು ಘೋಷಣೆಯಾದದ್ದು 2017ರ ಬಜೆಟ್ಟಿನಲ್ಲಿ. ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಪ್ರತಿಯಲ್ಲಿ ಇವೆರಡೂ ಇರಲಾರವು.

ವರ್ಡ್ ತಂತ್ರಾಂಶದ 'ಸೇವ್ ಆ್ಯಸ್'ನಲ್ಲಿ 'ವರ್ಡ್ ಟೆಂಪ್ಲೇಟ್' ಎಂಬ ಬಗೆಯನ್ನು ಆಯ್ದು ಕಡತವನ್ನು ಉಳಿಸಬೇಕು. ಬಳಿಕ ಫೋಲ್ಡರ್‌ನಲ್ಲಿ ಅದರ ಮೇಲೆ ಎರಡು ಬಾರಿ ಕ್ಲಿಕ್ಕಿಸಿದರೆ ಮೂಲದ ಬದಲು ಹೊಸ ಪ್ರತಿ ತೆರೆಯುತ್ತದೆ. 'ಸೇವ್' ಒತ್ತಿದಾಗ ಹೊಸ ಹೆಸರು ಕೇಳುತ್ತದೆ. ಆದರೆ ವರ್ಡ್‌ನೊಳಗಿನ 'ಓಪನ್' ಮೂಲಕ ಹೋದರೆ ತೆರೆಯುವುದು ಮೂಲವೇ. ಎಡವುವುದು ಇಲ್ಲಿ.

ಕಡತಕ್ಕೆ 'ರೀಡ್ ಓನ್ಲಿ' ಗುರುತು ಹಾಕುವುದುಂಟು. ಅದು ಯಾರು ಬೇಕಾದರೂ ತೆಗೆಯಬಹುದಾದ ಚಿಲಕ. ಹಂಚಿಕೆಯ ಫೋಲ್ಡರ್‌ನಲ್ಲಿ ಒಬ್ಬರಿಗಷ್ಟೇ ತಿದ್ದುವ ಅನುಮತಿ, ಉಳಿದವರಿಗೆ ಓದುವ ಅನುಮತಿ ಮಾತ್ರ ಕೊಟ್ಟರೆ ಅದು ಬೀಗ. ಇದಕ್ಕೆ ವಿಂಡೋಸ್‌ನಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಬೇಕು. ಇಡೀ ಅಂಗಡಿಗೆ ಒಂದೇ ಪಾಸ್‌ವರ್ಡ್ ಇರುವಲ್ಲಿ ಬೀಗದ ಕೈ ಎಲ್ಲರ ಜೇಬಿನಲ್ಲೂ ಇದ್ದಂತೆ.