ಒರೆಸಿದಷ್ಟೂ ಧೂಳು

ಜನವರಿಯ ಒಣ ಮಧ್ಯಾಹ್ನ. ಬಯಲುಸೀಮೆಯ ಊರೊಂದರಲ್ಲಿ ಮನೆಮುಂದಿನ ಶೆಡ್ಡಿನೊಳಗೆ ಹಳೆಯ ಕಾರಿನ ಬಂಪರ್‌ಗೆ ಬಣ್ಣ ಹೊಡೆಯಲು ಹೊರಟವರು, ಇದೊಂದೇ ಸಲ ಎನ್ನುತ್ತ ಒಣ ಬಟ್ಟೆಯಲ್ಲಿ ಅದನ್ನು ಗಸಗಸ ಉಜ್ಜುತ್ತಾರೆ. ಕೆಲಸ ಕೆಡುವುದು ಅಲ್ಲೇ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟಿಸುತ್ತಿದ್ದ ಶಾಲೆಯ ಆಟ ನೆನಪಿದೆಯಲ್ಲ? ಉಜ್ಜಿದ ಬಂಪರ್ ಈಗ ಅಂಥದೇ ದೊಡ್ಡ ಬಾಚಣಿಗೆ. ತನ್ನಪಾಡಿಗೆ ತೇಲಿಹೋಗಬೇಕಿದ್ದ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಇದು ಸ್ಥಿರ ವಿದ್ಯುತ್ತಿನ ಕಿತಾಪತಿ. ಲೋಹದ ಬಾಡಿಯಲ್ಲಿ ಸೇರಿದ ಚಾರ್ಜನ್ನು ಒಂದು ಅರ್ತ್ ತಂತಿ ಕಟ್ಟಿ ನೆಲಕ್ಕಿಳಿಸಬಹುದು. ಬಂಪರ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಅದರ ಮೇಲಿನ ಚಾರ್ಜು ಕೂತಲ್ಲಿಂದ ಕದಲುವುದಿಲ್ಲ, ತಂತಿ ಕಟ್ಟಿಯೂ ಪ್ರಯೋಜನವಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಒದ್ದೆ ಬಟ್ಟೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ, ಒಂದೇ ದಿಕ್ಕಿಗೆ ನಿಧಾನವಾಗಿ ಎಳೆದು ಆರಲು ಬಿಡಬೇಕು. ಆಮೇಲೆ ಜಿಗುಟಾದ ಟ್ಯಾಕ್ ಕ್ಲಾತ್ ಸವರುವುದಿದ್ದರೆ ಒತ್ತಕೂಡದು. ಮಾಸ್ಕಿಂಗ್ ಟೇಪನ್ನು ಸರ್ರನೆ ಕಿತ್ತರೂ ಚಾರ್ಜು ಹುಟ್ಟುತ್ತದೆ. ನೈಲಾನ್ ಅಂಗಿಯೂ ಅದೇ ಜಾತಿ.

ನೀರೆಂದರೆ ನಮ್ಮಲ್ಲಿ ಹಳೆಯ ಉಪಾಯ. ಅಂಗಳಕ್ಕೆ ನೀರು ಚಿಮುಕಿಸಿದ ಮೇಲೇ ಪೊರಕೆ ಹಿಡಿಯುವುದು. ಬಣ್ಣದ ಶೆಡ್ಡಿಗೂ ಇದು ಸಲ್ಲುತ್ತದೆ. ಗುಡಿಸಿ, ನೆಲ ಒದ್ದೆ ಮಾಡಿ, ಅರ್ಧ ಗಂಟೆ ಯಾರೂ ಓಡಾಡದಂತೆ ಬಿಟ್ಟರೆ ತೇಲುವ ಧೂಳು ಬಹುಪಾಲು ಕೆಳಗಿಳಿಯುತ್ತದೆ. ಗಾಳಿಯ ತೇವವೂ ಏರುತ್ತದೆ. ಸಾಪೇಕ್ಷ ಆರ್ದ್ರತೆ ಶೇ 40ಕ್ಕಿಂತ ಕೆಳಗಿಳಿದಾಗ ಸ್ಥಿರ ವಿದ್ಯುತ್ತಿನ ಕಾಟ ಜೋರು; ಅದಕ್ಕಿಂತ ಮೇಲಿದ್ದರೆ ವಸ್ತುಗಳ ಮೈಮೇಲೆ ಕೂರುವ ಕಣ್ಣಿಗೆ ಕಾಣದ ನೀರಿನ ಪದರದಲ್ಲಿ ಚಾರ್ಜು ಸೋರಿಹೋಗುತ್ತದೆ.

ಹಾಗೆಂದು ಬಕೆಟ್ಟುಗಟ್ಟಲೆ ಸುರಿದರೆ ಇನ್ನೊಂದು ರಗಳೆ. ಮಂಗಳೂರಿನ ಜುಲೈ ತಿಂಗಳನ್ನು ನೆನೆಸಿಕೊಳ್ಳಿ. ಥಿನ್ನರ್ ಆವಿಯಾಗುವಾಗ ಬಣ್ಣದ ಮೈ ತಣ್ಣಗಾಗುತ್ತದೆ. ತುಂಬಾ ತಣಿದರೆ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಇಳಿದು, ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್ ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಪೇಂಟರುಗಳ ಬಾಯಲ್ಲಿ ಇದು ಬ್ಲಶಿಂಗ್. ಇಬ್ಬನಿ ಕಟ್ಟುವ ಉಷ್ಣತೆಗಿಂತ ತಗಡಿನ ಉಷ್ಣತೆ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಬಣ್ಣದ ಕೆಲಸದಲ್ಲಿ ರೂಢಿಯ ಲೆಕ್ಕ. ಹೊರಗೆ ಎಲ್ಲ ಸರಿಯಿದ್ದರೂ ಕಂಪ್ರೆಸರ್ ಕೈಕೊಡಬಹುದು: ಒತ್ತಿದ ಗಾಳಿ ತಣಿದಾಗ ಅದರೊಳಗಿನ ತೇವ ನೀರಾಗುತ್ತದೆ. ಟ್ಯಾಂಕಿನ ತಳದ ತಿರುಪು ಸಡಿಲಿಸಿ ಆ ನೀರನ್ನು ಬಸಿಯದಿದ್ದರೆ, ಪೈಪಿಗೆ ವಾಟರ್ ಟ್ರ್ಯಾಪ್ ಇಲ್ಲದಿದ್ದರೆ, ಸ್ಪ್ರೇ ಗನ್ ಬಣ್ಣದ ಜೊತೆ ಹನಿಯನ್ನೂ ಉಗುಳುತ್ತದೆ.

ಹಾರ್ಡನರ್ ಬೆರೆಸುವ ಬಣ್ಣದ ಹೊಳಪಿಗೆ ಮನಸೋಲುವವರು ಬಹಳ. ಅದರಲ್ಲಿರುವ ಐಸೊಸಯನೇಟ್ ಅಸ್ತಮಾ ತರಬಲ್ಲದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯದು. ಮನೆಯಲ್ಲಿ ಅದನ್ನು ಮುಟ್ಟದಿರುವುದೇ ವಾಸಿ ಎನ್ನುವವನು ನಾನು. ಯಾವ ಬಣ್ಣವಾದರೂ ಥಿನ್ನರ್ ಆವಿ ತುಂಬಿದ ಜಾಗದಲ್ಲಿ ಒಂದು ಕಿಡಿ ಸಾಕು. ಅದಕ್ಕೇ ಸಾಮಾನ್ಯ ಟೇಬಲ್ ಫ್ಯಾನನ್ನು ಒಳಗೆ ಓಡಿಸಬಾರದು.

ಇಷ್ಟೆಲ್ಲ ಮಾಡಿದರೂ ಸೊಳ್ಳೆ ಬಂದು ಕೂರುತ್ತದೆ. ನನ್ನ ಬಾನೆಟ್ಟಿನ ಮೇಲೆ ಕೂತದ್ದನ್ನು ಹಸಿ ಬಣ್ಣದಲ್ಲೇ ಉಗುರಿನಿಂದ ತೆಗೆಯಲು ಹೋಗಿದ್ದೆ. ಪೂರ್ತಿ ಒಣಗುವವರೆಗೆ ಕಾದು, 2000 ನಂಬರಿನ ವಾಟರ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ ರಬ್ಬಿಂಗ್ ಕಾಂಪೌಂಡ್ ಹಚ್ಚಿದ್ದರೆ ಮುಗಿಯುತ್ತಿತ್ತು. ಸೊಳ್ಳೆಯ ಒಂದು ಕಾಲೂ ನನ್ನ ಹೆಬ್ಬೆರಳಿನ ಗುರುತೂ ಅಲ್ಲೇ ಇವೆ.