ನಮ್ಮ ನಂತರ ಈ ಮಗುವಿಗೆ ಯಾರು ದಿಕ್ಕು?

ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಕರೆದುಕೊಂಡು ಬರುವ ತಂದೆ ತಾಯಿಗಳು ಔಷಧಿಗಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಮಗುವಿಗೆ ಮೂವತ್ತು ವರ್ಷವಾದರೂ ಉಣಿಸಿ, ಸ್ನಾನ ಮಾಡಿಸುವವರು ತಾಯಿಯೇ. ಆ ತಾಯಿಗೂ ವಯಸ್ಸಾಗುತ್ತದೆ. ಆದ್ದರಿಂದ ಮುಂದಿನ ವ್ಯವಸ್ಥೆಯನ್ನು ನೀವು ಗಟ್ಟಿಯಾಗಿರುವಾಗಲೇ ಮಾಡಬೇಕು.

ಇದಕ್ಕಾಗಿಯೇ ಕೇಂದ್ರ ಸರ್ಕಾರವು 1999ರಲ್ಲಿ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯನ್ನು ತಂದಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವಿಕಲತೆ ಉಳ್ಳವರು ಇದರ ವ್ಯಾಪ್ತಿಗೆ ಬರುತ್ತಾರೆ.

ಕಾನೂನು ಪೋಷಕರು: 18 ವರ್ಷ ತುಂಬಿದ ಮೇಲೆ ಕಾನೂನಿನ ದೃಷ್ಟಿಯಲ್ಲಿ ಮಗು ವಯಸ್ಕ. ಆಗ ಹೆತ್ತವರೂ ಪೋಷಕತ್ವಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯು ವಿಚಾರಿಸಿ ಪೋಷಕರನ್ನು ನೇಮಿಸುತ್ತದೆ. ನೇಮಕವಾದವರು 6 ತಿಂಗಳೊಳಗೆ ಮಗುವಿನ ಆಸ್ತಿಯ ಪಟ್ಟಿಯನ್ನೂ ಪ್ರತಿ ವರ್ಷ ಲೆಕ್ಕಪತ್ರವನ್ನೂ ಕೊಡಬೇಕು. ಮಗುವನ್ನು ಅಲಕ್ಷಿಸಿದರೆ ಅಥವಾ ಆಸ್ತಿಯನ್ನು ದುರುಪಯೋಗ ಮಾಡಿದರೆ ಅವರನ್ನು ತೆಗೆದುಹಾಕಲು ಅವಕಾಶವಿದೆ. ಅಣ್ಣ ತಮ್ಮಂದಿರು ನೋಡಿಕೊಳ್ಳುತ್ತಾರೆಂಬ ಬಾಯಿಮಾತಿಗೆ ಈ ರಕ್ಷಣೆ ಇಲ್ಲ.

ನಿರಾಮಯ ಆರೋಗ್ಯ ವಿಮೆ: ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಹುಟ್ಟಿನಿಂದ ಬಂದ ತೊಂದರೆಯೆಂದು ತಿರಸ್ಕರಿಸುವುದಿಲ್ಲ. ಮುಂಚಿತ ವೈದ್ಯಕೀಯ ಪರೀಕ್ಷೆಯೂ ಬೇಕಿಲ್ಲ. ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಗೂ ನಿಗದಿತ ಮಿತಿಯೊಳಗೆ ಹಣ ಸಿಗುತ್ತದೆ. ಮೊದಲು ನೀವು ಖರ್ಚು ಮಾಡಿ ನಂತರ ಪಡೆಯಬೇಕಾದ್ದರಿಂದ ಚೀಟಿ, ಬಿಲ್ಲುಗಳನ್ನು ಜೋಪಾನವಾಗಿಡಿ. ಪ್ರತಿ ವರ್ಷ ನವೀಕರಿಸುವುದನ್ನು ಮರೆಯಬೇಡಿ.

ವಸತಿ: ನೋಡಿಕೊಳ್ಳುವವರಿಲ್ಲದವರಿಗಾಗಿ ಸಮರ್ಥ್ ಮತ್ತು ಘರೌಂದಾ ಎಂಬ ವಸತಿ ಯೋಜನೆಗಳನ್ನು ನ್ಯಾಸ ರೂಪಿಸಿದೆ. ನೋಂದಾಯಿತ ಸಂಸ್ಥೆಗಳು ಇವನ್ನು ನಡೆಸುತ್ತವೆ. ಇವು ಎಲ್ಲ ಊರುಗಳಲ್ಲಿಲ್ಲ. ಆದ್ದರಿಂದ ಮೊದಲೇ ಹೋಗಿ ನೋಡಿ, ಮಗುವನ್ನೂ ಕರೆದೊಯ್ದು ರೂಢಿ ಮಾಡಿಸಿ.

ಎಲ್ಲಿಂದ ಆರಂಭಿಸಬೇಕು? ಮೊದಲು ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು ಮಾಡಿಸಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಕಾಣಿರಿ.

ಇಂಥ ಮಗುವಿನ ಸೇವೆ ದೊಡ್ಡ ಕಾಯಕ. ಆ ಕಾಯಕ ನಿಮ್ಮೊಂದಿಗೇ ನಿಂತುಹೋಗಬಾರದು. ಮನೆಯವರೆಲ್ಲ ಕೂಡಿ ಕುಳಿತು ಇಂದೇ ಮಾತನಾಡಿ.