‘ಹಿ ಗೋ’ ಎಂದ ಹುಡುಗನ ತಪ್ಪೇನು?

ತಾಳವಾಡಿ ಬೆಟ್ಟದ ಮಕ್ಕಳೂ ನಮ್ಮ ಕಾಸರಗೋಡಿನ ಮಕ್ಕಳೂ ಒಂದೇ ದೋಣಿಯ ಪಯಣಿಗರು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ಕೊಯಮುತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಕಾಸರಗೋಡು ಕೇರಳದ ಪಾಲಾಯಿತು. ಇಂದು ಈರೋಡು ಜಿಲ್ಲೆಯಲ್ಲಿರುವ ಆ ಊರುಗಳವರು ಸತ್ಯಮಂಗಲಕ್ಕೆ ಹೋಗಬೇಕಾದರೆ 27 ತಿರುವುಗಳ ದಿಂಬಂ ಘಟ್ಟವನ್ನು ಇಳಿಯಬೇಕು. ಚಾಮರಾಜನಗರವಾದರೋ ಪಕ್ಕದಲ್ಲೇ ಇದೆ. ಡಾ. ರಾಜ್‌ಕುಮಾರರ ಗಾಜನೂರು ಇರುವುದೂ ಅಲ್ಲಿಯೇ. ಮನೆಯ ಮಾತು ಕನ್ನಡ, ಸರಕಾರದ ಮಾತು ತಮಿಳು, ಮುಂದಿನ ಓದಿಗೆ ಇಂಗ್ಲಿಷು. ತಮಿಳಿನ ಜಾಗದಲ್ಲಿ ಮಲೆಯಾಳವನ್ನಿಟ್ಟರೆ ಇದು ನಮ್ಮದೇ ಮನೆಯ ಕಥೆ.

ನಾವು ಹೈಸ್ಕೂಲಿನಲ್ಲಿದ್ದಾಗ ಎದ್ದು ನಿಂತು ‘ಹಿ ಗೋ ಟು ಸ್ಕೂಲ್’ ಎಂದು ಹೇಳಿ ಅಂಗೈಗೆ ಎರಡು ಏಟು ತಿಂದದ್ದುಂಟು. ಏಟಿನ ಉರಿ ಸಂಜೆಗೆ ಆರಿತು. ಕ್ಲಾಸಿನ ನಗು ಮಾತ್ರ ಆರಲಿಲ್ಲ. ಆ ವರ್ಷವಿಡೀ ನಾವು ಇಂಗ್ಲಿಷಿಗಾಗಿ ಮತ್ತೆ ಬಾಯಿ ತೆರೆಯಲಿಲ್ಲ. ‘ಗೋ’ ಎಂಬುದಕ್ಕೆ ಅಲ್ಲಿ ‘ಸ್’ ಎಂಬ ಬಾಲ ಏಕೆ ಬೇಕೆಂದು ಯಾರೂ ತಿಳಿಸಿ ಹೇಳಲಿಲ್ಲ.

ಹೇಳುವುದು ಕಷ್ಟವೇನೂ ಅಲ್ಲ. ನಾನು ಬರುತ್ತೇನೆ, ನೀನು ಬರುತ್ತೀಯೆ, ಅವನು ಬರುತ್ತಾನೆ, ಅವಳು ಬರುತ್ತಾಳೆ, ಅದು ಬರುತ್ತದೆ, ಅವರು ಬರುತ್ತಾರೆ. ಕರ್ತೃ ಯಾರೆಂಬುದನ್ನು ನೋಡಿ ಕ್ರಿಯಾಪದ ತನ್ನ ಬಾಲವನ್ನು ಬದಲಿಸುತ್ತದೆ. ಕನ್ನಡದ ಮಗು ಶಾಲೆಗೆ ಸೇರುವ ಮೊದಲೇ ಇದನ್ನೆಲ್ಲ ತಪ್ಪಿಲ್ಲದೆ ಕಲಿತಿರುತ್ತದೆ. ತಾಳವಾಡಿಯ ಮಗುವಿಗೆ ತಮಿಳಿನಲ್ಲೂ ಇದೇ ಏರ್ಪಾಡು ಸಿಗುತ್ತದೆ: ನಾನ್ ವಂದೇನ್, ಅವನ್ ವಂದಾನ್, ಅವಳ್ ವಂದಾಳ್. ನಮ್ಮ ನೆರೆಯ ಮಲೆಯಾಳದಲ್ಲಿ ಈ ಗೊಡವೆಯೇ ಇಲ್ಲ. ಞಾನ್ ವನ್ನು, ಅವಳ್ ವನ್ನು, ಅವರ್ ವನ್ನು. ಇಂಗ್ಲಿಷು ಈ ಎರಡರ ನಡುವೆ ನಿಂತಿದೆ. ‘ಆ್ಯಮ್, ಈಸ್, ಆರ್’ಗಳಂಥ ಕೆಲವನ್ನು ಬಿಟ್ಟರೆ, ವರ್ತಮಾನ ಕಾಲದಲ್ಲಿ ‘ಹಿ, ಶಿ, ಇಟ್’ ಬಂದಾಗ ಮಾತ್ರ ಒಂದು ‘ಸ್’. ಆರು ಬಾಲಗಳನ್ನು ಪಳಗಿಸಿದ ಮಗುವಿಗೆ ಒಂದು ಬಾಲ ಭಾರವಾಗಬೇಕೆ?

ಈ ಒಂದು ಬಾಲದ ವಿಷಯದಲ್ಲೂ ಇಂಗ್ಲಿಷರೊಳಗೆ ಒಮ್ಮತವಿರಲಿಲ್ಲ. ಷೇಕ್ಸ್‌ಪಿಯರನ ಕಾಲದಲ್ಲಿ ‘ಹ್ಯಾತ್’, ‘ಹ್ಯಾಸ್’ ಎರಡೂ ನಡೆಯುತ್ತಿದ್ದವು. ಉತ್ತರ ಇಂಗ್ಲೆಂಡಿನ ‘ಸ್’ ಕ್ರಮೇಣ ಗೆದ್ದಿತು. ಪೂರ್ವ ಇಂಗ್ಲೆಂಡಿನ ನಾರ್ವಿಚ್ ಕಡೆಯ ಆಡುಮಾತಿನಲ್ಲಿ ‘ಹಿ ಗೋ’, ‘ಶಿ ಸೇ’ ಎಂಬುದು ಅಪ್ಪಟ ಇಂಗ್ಲಿಷರ ಬಾಯಲ್ಲೇ ಕೇಳಿಬಂದಿದೆ. ‘ಯು’ ಎಂಬುದು ಮೂಲತಃ ನಮ್ಮ ‘ನೀವು’ ಇದ್ದಂತೆ ಬಹುವಚನ. ಗೌರವಕ್ಕಾಗಿ ಒಬ್ಬರಿಗೂ ಅದನ್ನೇ ಬಳಸಿ ಬಳಸಿ ಅವರು ತಮ್ಮ ‘ನೀನು’ವನ್ನೇ ಕಳೆದುಕೊಂಡರು. ಒಬ್ಬನಿಗೂ ‘ಯು ಆರ್’ ಎನ್ನುವುದು ಅದರಿಂದಲೇ. ಹದಿನೆಂಟನೇ ಶತಮಾನದಲ್ಲಿ ಓದಿದವರೂ ಒಬ್ಬನಿಗೆ ‘ಯು ವಾಸ್’ ಎನ್ನುತ್ತಿದ್ದರು. 1762ರಲ್ಲಿ ರಾಬರ್ಟ್ ಲೋತ್ ತನ್ನ ವ್ಯಾಕರಣ ಪುಸ್ತಕದಲ್ಲಿ ಅದನ್ನು ಖಂಡಿಸಿದ. ಇಂದಿಗೂ ‘ಕಮಿಟಿ’ಯ ಮುಂದೆ ಬ್ರಿಟನ್ನಿನವರು ‘ಆರ್’ ಎಂದಾರು, ಅಮೆರಿಕದವರು ಸಾಮಾನ್ಯವಾಗಿ ‘ಈಸ್’ ಎನ್ನುತ್ತಾರೆ.

ನಮ್ಮಲ್ಲೇನು ಕಡಿಮೆ? ಚಾಮರಾಜನಗರದ ಸೀಮೆಯಲ್ಲಿ ‘ಬಂದವ್ನೆ, ಬಂದವ್ಳೆ, ಬಂದವ್ರೆ’ ಎನ್ನುತ್ತಾರೆ. ಗ್ರಂಥದ ರೂಪವಲ್ಲದಿದ್ದರೂ ಹೊಂದಾಣಿಕೆಯಲ್ಲಿ ಕೂದಲೆಳೆಯ ಲೋಪವಿಲ್ಲ. ನಮ್ಮ ಕಡೆಯ ಹವ್ಯಕರ ಮನೆಗಳಲ್ಲಿ ‘ಅಕ್ಕ ಬಂತು’ ಎಂದರೆ ಅಗೌರವವಲ್ಲ. ಆ ನುಡಿಯ ವ್ಯಾಕರಣವೇ ಹಾಗೆ. ಸೀಮೆ ಸೀಮೆಗೆ ಬೇರೆಯಾಗುವ ಕನ್ನಡವನ್ನು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತೆಂದು ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ವೇ ಹೇಳಿದೆ. ಆ ತೆಂಕಣ ಸೀಮೆಯ ಆಡುಮಾತಿನಲ್ಲೇ ದೇವನೂರ ಮಹಾದೇವರು ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಹಾಗಾದರೆ ಏನು ಬರೆದರೂ ನಡೆದೀತೇ? ನಡೆಯದು. ಪರೀಕ್ಷೆಯ ಉತ್ತರಪತ್ರಿಕೆ, ಕೆಲಸದ ಅರ್ಜಿ ಇವುಗಳಿಗೆ ಒಪ್ಪಿತವಾದ ರೂಪವೇ ಬೇಕು. ನಾರ್ವಿಚ್ಚಿನವನೂ ಅಲ್ಲಿ ‘ಹಿ ಗೋಸ್’ ಎಂದೇ ಬರೆಯಬೇಕು. ಆದರೆ ನಮ್ಮ ಮಕ್ಕಳ ತಪ್ಪುಗಳ ಹಿಂದೆ ಹೆಚ್ಚಾಗಿ ಒಂದು ಕಾರಣವಿರುತ್ತದೆ. ‘ಮೈ ಫಾದರ್ ಆರ್ ಕಮಿಂಗ್’ ಎಂದು ಬರೆದ ಹುಡುಗಿ ದಡ್ಡಿಯಲ್ಲ. ‘ಅಪ್ಪ ಬರುತ್ತಾರೆ’ ಎಂಬ ಮನೆಯ ಮರ್ಯಾದೆಯನ್ನು ಇಂಗ್ಲಿಷಿಗೂ ಸಲ್ಲಿಸಿದ್ದಾಳೆ. ಇಂಗ್ಲಿಷು ಆ ಗೌರವವನ್ನು ಕ್ರಿಯಾಪದದಲ್ಲಿ ತೋರಿಸುವುದಿಲ್ಲವೆಂದು ಹೇಳಿದರಾಯಿತು. ‘ಒನ್ ಆಫ್ ದ ಬಾಯ್ಸ್ ಆರ್’ ಎಂದವನಿಗೆ ‘ಹುಡುಗರಲ್ಲೊಬ್ಬ ಬಿದ್ದನೋ, ಬಿದ್ದರೋ?’ ಎಂದು ಕನ್ನಡದಲ್ಲೇ ಕೇಳಿ ನೋಡಿ; ‘ಈಸ್’ ತಾನಾಗಿ ಹೊರಬರುತ್ತದೆ. ‘ಹಿ ಡಸ್ ನಾಟ್ ಗೋಸ್’ ಎಂದವನಿಗೆ, ಆ ಒಂದು ಬಾಲವನ್ನು ‘ಡಸ್’ ಆಗಲೇ ಒಯ್ದಿದೆ, ‘ಗೋ’ಗೆ ಉಳಿದಿಲ್ಲ ಎಂದು ತೋರಿಸಿಕೊಡಿ.

ತಮಿಳುನಾಡಿನ 2006ರ ಕಾಯಿದೆ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಕೇರಳ 2017ರಲ್ಲಿ ಮಲೆಯಾಳಕ್ಕಾಗಿ ಅಂಥದೇ ಕಾಯಿದೆ ತಂದಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಕರ್ಯವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಹಕ್ಕಿಗಾಗಿ ಹಿರಿಯರು ಹೋರಾಡುವುದು ಸರಿಯೇ. ಆದರೆ ಮನೆಯೊಳಗೆ ನಾವೇ ಏನು ಮಾಡುತ್ತಿದ್ದೇವೆ? ಇಂಗ್ಲಿಷು ಬರಲಿ ಎಂದು ಮಗುವಿನ ಮನೆಮಾತನ್ನು ಬಿಡಿಸುವ ಹೆತ್ತವರು ನಮ್ಮಲ್ಲೂ ಇದ್ದಾರೆ. ಏಣಿಯ ಕೆಳಗಿನ ಮೆಟ್ಟಲನ್ನು ಕಿತ್ತು ಮೇಲೇರು ಎಂದಂತಾಯಿತು ಇದು.

ಮೂರು ಭಾಷೆಗಳನ್ನು ಹೊತ್ತು ನಡೆಯುವ ಮಗು ಎಡವುವುದು ಸಹಜ. ತಿದ್ದೋಣ, ಆದರೆ ನಗುವುದು ಬೇಡ. ಇಂದು ರಾತ್ರಿ ಮಗು ಪಾಠ ಓದಲು ಕುಳಿತಾಗ ‘ಗೋ, ಗೋಸ್’ ಎಂಬುದರ ಪಕ್ಕದಲ್ಲಿ ‘ಹೋಗುತ್ತೇನೆ, ಹೋಗುತ್ತಾನೆ’ ಎಂದು ಬರೆಯಿಸಿ. ಅದರ ಕೆಳಗೆ ನಿಮ್ಮ ಮನೆಯಲ್ಲಿ ಆಡುವ ರೂಪವನ್ನೂ ಬರೆಯಿಸಲು ಮರೆಯದಿರಿ.